ನಾಲ್ಕು ಕಡ್ಡಿ ಸಿಗ್ನಲ್

ಇಪ್ಪತ್ತೆರಡು ವರ್ಷ ಕರೆಂಟಿನ ಕಂಬ ಹತ್ತಿದ ಮೇಲೆ ಲೈನ್‌ಮನ್‌ನ ಬಲಮೊಣಕಾಲು ಮುಷ್ಕರ ಹೂಡಿತು. ಬಗ್ಗಿಸಿದರೆ ಕಟಕಟ, ನೆಟ್ಟಗೆ ಮಾಡಿದರೆ ಪ್ರಾಣಸಂಕಟ. ಪುಣ್ಯಕ್ಕೆ ಅವನ ಆಫೀಸಿನ ದೂರು ವಿಭಾಗದಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಫ್ಯಾನಿನ ಕೆಳಗೆ ಕೂತು, ಫೋನೆತ್ತಿ, "ಲೈನ್‌ಮನ್ ಬರ್ತಾರೆ, ಸ್ವಲ್ಪ ಕಾಯಿರಿ" ಅನ್ನುವುದಷ್ಟೇ ಅಲ್ಲಿನ ಕೆಲಸ. ಇಷ್ಟು ವರ್ಷ ಜನರನ್ನು ಕಾಯಿಸಿದವನೇ ಅವನಾದ್ದರಿಂದ ಅನುಭವಕ್ಕೇನೂ ಕೊರತೆ ಇರಲಿಲ್ಲ.

ಆದರೆ ಆ ಕುರ್ಚಿಗೆ ಕಂಬ ಹತ್ತಲಾಗದೆಂಬ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಅದೂ ಇವತ್ತು ಸಂಜೆ ಐದರೊಳಗೆ. ಹಿಂದೆಲ್ಲ ಕುಂಟುತ್ತಾ ಆಸ್ಪತ್ರೆಗೆ ಹೋದರೆ ಕುಂಟುವುದನ್ನು ನೋಡಿಯೇ ಬರೆದುಕೊಡುತ್ತಿದ್ದರು. ಈಗ ಇಲಾಖೆ ಮುಂದುವರಿದಿದೆ. ನೌಕರರಿಗೆ ತ್ರಾಸವಾಗಬಾರದೆಂದು ಡಾಕ್ಟರನ್ನು ಮೊಬೈಲಿನೊಳಗೇ ಕೂರಿಸಿದೆ.

ನಾಲ್ಕೂಕಾಲಿಗೆ ಲೈನ್‌ಮನ್ ಮೊಣಕಾಲನ್ನು ಸೋಪು ಹಚ್ಚಿ ತೊಳೆದು, ಪ್ಯಾಂಟು ಮಡಚಿ ಫೋನಿನ ಮುಂದೆ ಕೂತ. ಡಾಕ್ಟರ ದನಿ ಬಂತು, ಮುಖ ಬರಲಿಲ್ಲ.

"ವಿಡಿಯೊ ನಿಂತುಹೋಗಿದೆ. ಮೊಣಕಾಲು ನೋಡದೆ ಬರೆಯೋಕಾಗಲ್ಲ. ಸಿಗ್ನಲ್ ಇರೋ ಕಡೆಯಿಂದ ಮತ್ತೆ ಮಾಡಿ. ಐದಕ್ಕೆ ನಾನು ಎದ್ದುಬಿಡ್ತೀನಿ."

ಕಿಟಕಿಗೆ ಕಿವಿಯಾನಿಸಿದ್ದ ಪಕ್ಕದ ಮನೆಯ ಮೇಷ್ಟ್ರು ಒಳಗೆ ಬಂದೇಬಿಟ್ಟರು. ನಿವೃತ್ತಿಯಾಗಿ ಆರು ವರ್ಷವಾದರೂ ಪಾಠ ಹೇಳುವ ಚಾಳಿ ಹೋಗಿರಲಿಲ್ಲ.

"ಗೋಡೆ ಸಿಗ್ನಲ್ ನುಂಗುತ್ತಪ್ಪಾ. ಬಾಗಿಲ ಹತ್ರ ಬಾ."

ಬಾಗಿಲಲ್ಲಿ ಒಂದು ಕಡ್ಡಿ ಸಿಗ್ನಲ್. ಡಾಕ್ಟರ ಹಣೆ ಮಾತ್ರ ಕಂಡಿತು. ಗೋಡೆ ಹಿಡಿದು ತಾರಸಿಗೆ ಹೋದರೆ ಎರಡು ಕಡ್ಡಿ.

"ಇದು ಮೊಣಕಾಲೋ ಆಲೂಗಡ್ಡೆನೋ ಗೊತ್ತಾಗ್ತಿಲ್ಲ," ಎಂದು ಡಾಕ್ಟರು ಕರೆ ಮುಗಿಸಿದರು.

ಮೇಷ್ಟ್ರು ತಾರಸಿಯ ಮೂಲೆಯ ನೀರಿನ ಟ್ಯಾಂಕಿನತ್ತ ಬೆರಳು ತೋರಿಸಿದರು. ಅದಕ್ಕೊಂದು ಕಬ್ಬಿಣದ ಏಣಿ, ಹದಿನಾಲ್ಕು ಮೆಟ್ಟಿಲು.

"ಬೇಡಾರೀ," ಎಂದಳು ಹೆಂಡತಿ. "ಕಾಲೇ ಹೋದ ಮೇಲೆ ಕಾಲಿನ ಸರ್ಟಿಫಿಕೇಟು ತಗೊಂಡು ಏನ್ಮಾಡ್ತೀರಿ?"

"ಇನ್ನು ಹನ್ನೆರಡೇ ನಿಮಿಷ ಕಣಮ್ಮಾ," ಎಂದರು ಮೇಷ್ಟ್ರು.

ಲೈನ್‌ಮನ್ ಕುರ್ಚಿಯನ್ನೂ ಫ್ಯಾನನ್ನೂ ನೆನೆದುಕೊಂಡು ಹತ್ತಿದ. ಮೆಟ್ಟಿಲಿಗೊಂದು ಸಲ ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ಕೆಳಗೆ ನಿಂತು ಒಂದು, ಎರಡು ಎಂದು ಎಣಿಸುತ್ತಿದ್ದರು. ತುದಿಯಲ್ಲಿ ನಾಲ್ಕು ಕಡ್ಡಿ ಸಿಕ್ಕಿತು. ಡಾಕ್ಟರ ಮೂಗಿನ ಮೇಲಿನ ಮಚ್ಚೆ ಕೂಡ ಕಂಡಿತು.

"ಈಗ ಚೆನ್ನಾಗಿ ಕಾಣ್ತಿದೆ," ಎಂದರು ಡಾಕ್ಟರು. "ಹಿಂದೆ ಬರೀ ಆಕಾಶ ಇದೆಯಲ್ಲ, ಎಲ್ಲಿದ್ದೀರಿ?"

"ಟ್ಯಾಂಕ್ ಮೇಲೆ ಸರ್."

"ಹೇಗೆ ಹೋದ್ರಿ?"

"ಏಣಿ ಹತ್ತಿ ಸರ್."

ಡಾಕ್ಟರು ಕನ್ನಡಕ ತೆಗೆದರು. "ಕಂಬ ಹತ್ತೋಕಾಗಲ್ಲ ಅಂತ ಸರ್ಟಿಫಿಕೇಟ್ ಕೇಳಿದವರು ನೀವೇನಾ?"

"ಸಿಗ್ನಲ್‌ಗೋಸ್ಕರ ಹತ್ತಿದೆ ಸರ್. ಜೀವ ಹೋಗೋ ಹಾಗೆ ನೋಯ್ತಿದೆ."

"ಫಾರಂನಲ್ಲಿ ಹತ್ತಿದ್ರೋ ಇಲ್ವೋ ಅಂತಷ್ಟೇ ಕೇಳಿದಾರೆ. ಯಾಕೆ ಹತ್ತಿದ್ರಿ ಅಂತ ಬರೆಯೋಕೆ ಇಲ್ಲಿ ಜಾಗ ಇಲ್ಲ," ಎಂದು ಡಾಕ್ಟರು ಮಾಯವಾದರು.

ಮರುಕ್ಷಣ ಸರ್ಟಿಫಿಕೇಟ್ ಬಂತು, ಒಂದು ಪ್ರತಿ ಆಫೀಸಿಗೂ ಹೋಯಿತು: 'ಏಣಿ ಹತ್ತಲು ಸಂಪೂರ್ಣ ಸಮರ್ಥ.' ಇಳಿಯುವ ವಿಚಾರ ಅದರಲ್ಲಿರಲಿಲ್ಲ. ಲೈನ್‌ಮನ್ ಎದ್ದೇಳಲು ನೋಡಿದ. ಮೊಣಕಾಲು ಜಪ್ಪಯ್ಯ ಅಂದರೂ ಮಡಚಲಿಲ್ಲ. ಕುರ್ಚಿ ಹೋದ ದುಃಖ, ಕಾಲಿನ ನೋವು ಎರಡೂ ಸೇರಿ ಅವನಿಗೆ ಅಳುವೇ ಬಂತು.

"ಗಾಬರಿ ಬೇಡ," ಎಂದು ಮೇಷ್ಟ್ರು ಕೆಳಗಿನಿಂದ ಕೂಗಿದರು. "ಯಾರಾದ್ರೂ ಬಂದು ಇಳಿಸ್ಲಿ ಅಂತ ನಿಮ್ಮ ಆಫೀಸಿಗೇ ಫೋನ್ ಮಾಡಿದೀನಿ. ಲೈನ್‌ಮನ್ ಬರ್ತಾರೆ, ಸ್ವಲ್ಪ ಕಾಯಿರಿ ಅಂದ್ರು."

ಎರಡು ನಿಮಿಷದಲ್ಲಿ ಟ್ಯಾಂಕಿನ ಮೇಲೆ ಫೋನು ಬಡಿದುಕೊಂಡಿತು. ದೂರು ವಿಭಾಗದ ಕುರ್ಚಿಗೆ ಆಗಲೇ ಯಾರೋ ಬಂದು ಕೂತಿದ್ದರು, ಹೊಸ ದನಿ.

"ನಿಮ್ಮ ಬೀದೀಲಿ ಯಾರೋ ಟ್ಯಾಂಕ್ ಮೇಲೆ ಸಿಕ್ಕಿಹಾಕ್ಕೊಂಡಿದಾರಂತೆ. ಹತ್ತೋಕೆ ಸಮರ್ಥರು ಅಂತ ನಿಮ್ಮ ರಿಪೋರ್ಟ್ ಈಗಷ್ಟೇ ಬಂತು. ಸ್ವಲ್ಪ ಹೋಗಿ ಇಳಿಸಿ ಬನ್ನಿ."

ಮೇಲೆ ಸಿಗ್ನಲ್ ಚೆನ್ನಾಗಿತ್ತು. ಒಂದಕ್ಷರವೂ ಬಿಡದೆ ಕೇಳಿಸಿತು.