ಎಂಟು ಮಿಲಿಮೀಟರ್ ಅನುಮಾನ

ಜ್ವರ ಬಂದವನ ಪರವಾಗಿ ಥರ್ಮಾಮೀಟರ್ ಸಾಕ್ಷಿ ಹೇಳುತ್ತದೆ. ಹಲ್ಲುನೋವಿನವನಿಗೆ ಊದಿದ ಕೆನ್ನೆ ಇದೆ. ಸೊಂಟನೋವಿನವನ ಪರವಾಗಿ ಮಾತ್ರ ಯಾರೂ ಇಲ್ಲ. ನೋಡಲು ಗಟ್ಟಿಮುಟ್ಟಾಗಿರುತ್ತಾನೆ, ಊಟ ಸರಿಯಾಗಿ ಮಾಡುತ್ತಾನೆ, ಬಿದ್ದ ಪೆನ್ನು ಎತ್ತಿಕೊಳ್ಳುವಾಗ ಮಾತ್ರ ಗೋಡೆ ಹಿಡಿದುಕೊಂಡು ನೆಲದ ಕಡೆಗೆ ಕಂತುಕಂತಾಗಿ ಇಳಿಯುತ್ತಾನೆ. ಜನ ಅವನನ್ನು ನಂಬುವುದಿಲ್ಲ. ಅದಕ್ಕೆ ಪ್ರತಿಯಾಗಿ ಅವನೂ ಯಾರನ್ನೂ ನಂಬುವುದಿಲ್ಲ. ಹಾಸಿಗೆ, ಕುರ್ಚಿ, ಚಪ್ಪಲಿ, ಬಸ್ಸಿನ ಡ್ರೈವರು, ಎಲ್ಲರ ಮೇಲೂ ಅವನಿಗೆ ಅನುಮಾನ. ನಾನು ಸ್ವಭಾವದಿಂದ ಸಂಶಯದ ಮನುಷ್ಯನಲ್ಲ. 2009ರ ಜನವರಿಯಲ್ಲಿ ಸುಮಾರು ಮೂರು ವಾರ ಮಾತ್ರ ಹಾಗಾಗಿದ್ದೆ. ಅದಕ್ಕೂ ನನ್ನ ಬಳಿ ಲಿಖಿತ ದಾಖಲೆಯಿದೆ.

ದಾಖಲೆ ಇಡುವುದು ನನ್ನ ಹೊಟ್ಟೆಪಾಡು. ಚಿತ್ರದುರ್ಗದಿಂದ ಬಂದು ಕೊಯಮತ್ತೂರಿನ ಒಂದು ಪಂಪು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗ ಸೇರಿ ಆಗ ಎರಡು ವರ್ಷ. ಬೆಳಗ್ಗೆಯಿಂದ ಸಂಜೆಯವರೆಗೆ ಬೇರೆಯವರು ಮಾಡಿದ ವಸ್ತುವನ್ನು ಅಳೆದು, ಸರಿಯಿಲ್ಲ ಎಂದು ಬರೆದು, ಸಹಿ ಹಾಕುವ ಕೆಲಸ. ಈ ಅಭ್ಯಾಸ ಸಂಜೆ ಐದಕ್ಕೆ ನಿಲ್ಲುವಂಥದ್ದಲ್ಲ. ಮನೆಗೆ ಬಂದು ನಾನು ಆ ದಿನ ತುಳಿದ ಕಿಲೋಮೀಟರು, ಕುಡಿದ ಚಹಾ, ಪಂಕ್ಚರುಗಳನ್ನು ದಿನಚರಿಯಲ್ಲಿ ಬರೆಯುತ್ತಿದ್ದೆ. ಡಿಸೆಂಬರಿನಲ್ಲಿ ಸೊಂಟ ನೋಯತೊಡಗಿದ ಮೇಲೆ ಇನ್ನೊಂದು ಕಾಲಂ ಸೇರಿತು: ನೋವು, ಹತ್ತಕ್ಕೆ ಎಷ್ಟು. ಮೊದಲ ವಾರ ಮೂರು, ನಾಲ್ಕು. ಕ್ರಿಸ್‌ಮಸ್ ಹೊತ್ತಿಗೆ ಆರು. ವರ್ಷದ ಕೊನೆಯ ದಿನ ಏಳು. ಶಾಲೆಯಲ್ಲಿ ಯಾವ ವಿಷಯದಲ್ಲೂ ನಾನು ಇಷ್ಟು ಸ್ಥಿರವಾಗಿ ಪ್ರಗತಿ ತೋರಿಸಿರಲಿಲ್ಲ.

ಜನವರಿ ಐದರಂದು ಡಾಕ್ಟರ ಹತ್ತಿರ ಹೋದೆ. ಅವರು ನನ್ನನ್ನು ಬಗ್ಗಿಸಿ, ನಿಲ್ಲಿಸಿ, ಮಲಗಿಸಿ, ಮೂಳೆಗೇನೂ ಆಗಿಲ್ಲ ಎಂದರು. ನಾನು ಸೂಲೂರಿನಿಂದ ಕಾರ್ಖಾನೆಗೆ ದಿನಕ್ಕೆ ಇಪ್ಪತ್ತೆರಡು ಕಿಲೋಮೀಟರ್ ಸೈಕಲ್ ತುಳಿಯುತ್ತೇನೆ, ಭಾನುವಾರ ಅದರ ಮೂರರಷ್ಟು ಎಂದಾಗ ಪೆನ್ನು ಕೆಳಗಿಟ್ಟರು. "ಒಂದು ತಿಂಗಳು ನೋಡೋಣ. ವ್ಯಾಯಾಮ ಬರೆದುಕೊಡ್ತೇನೆ. ಕಡಿಮೆ ಆಗಲಿಲ್ಲ ಅಂದ್ರೆ ಸೈಕಲ್ ಬಿಟ್ಟುಬಿಡಿ. ಸ್ಕೂಟರ್ ತಗೊಳ್ಳಿ" ಎಂದರು. ಸ್ಕೂಟರ್ ಎಂಬ ಮಾತನ್ನು ಅವರು ಎಷ್ಟು ಸಲೀಸಾಗಿ ಹೇಳಿದರೆಂದರೆ, ಅವರಿಗೂ ಯಾವುದೋ ಷೋರೂಮಿಗೂ ಏನಾದರೂ ಇರಬಹುದೇ ಎಂದು ಮೆಟ್ಟಿಲಿಳಿಯುವಾಗಲೇ ಯೋಚಿಸಿದೆ.

ನನ್ನ ಸಂಕಟ ಅವರಿಗೆ ಹೇಗೆ ಗೊತ್ತಾಗಬೇಕು? ಫೆಬ್ರವರಿ ಎರಡನೇ ಭಾನುವಾರ ಕಾರ್ಖಾನೆಯ ನಾಲ್ವರು ಆಳಿಯಾರಿನಿಂದ ವಾಲ್ಪಾರೈಗೆ ಸೈಕಲ್ ಹತ್ತಿಸುವುದೆಂದು ನಿಶ್ಚಯವಾಗಿತ್ತು. ನಲವತ್ತು ಹೇರ್‌ಪಿನ್ ತಿರುವು. ಯೋಜನೆ ನನ್ನದು, ನಕ್ಷೆ ನನ್ನದು, ಎಷ್ಟನೇ ತಿರುವಿನಲ್ಲಿ ನೀರು ಕುಡಿಯಬೇಕು ಎಂಬ ಪಟ್ಟಿಯೂ ನನ್ನದು. ಹಾಗಿರುವಾಗ ಆ ಮೂವರೂ ಸೈಕಲ್ ಮೇಲೆ ಹತ್ತುವುದನ್ನು ನಾನು ಘಟ್ಟದ ಬಸ್ಸಿನ ಕಿಟಕಿಯಿಂದ ನೋಡುವುದೆಂದರೆ! ಅದಿರಲಿ, ಸೈಕಲ್ ಇಲ್ಲದೆ ನಾನು ಏನು? ಪರ ಊರಿನಲ್ಲಿ ಬಾಡಿಗೆ ಕೋಣೆಯಲ್ಲಿ ಅಂಕಿಗಳನ್ನು ಬರೆದುಕೊಂಡಿರುವ ಒಬ್ಬ ಮನುಷ್ಯ. ಅಂಕಿ ಬರೆಯಲು ಕಿಲೋಮೀಟರೂ ಇರುವುದಿಲ್ಲ.

ಆದ್ದರಿಂದ ಶತ್ರುವನ್ನು ಹುಡುಕತೊಡಗಿದೆ. ಹಾಸಿಗೆ ಬಿಟ್ಟು ಚಾಪೆಯ ಮೇಲೆ ಮೂರು ದಿನ ಮಲಗಿದೆ: ಏಳು, ಏಳು, ಏಳೂವರೆ. ಆಫೀಸಿನ ಕುರ್ಚಿ ಬದಲಿಸಿದೆ: ಏಳು. ನೀರಿನ ಮೇಲೂ ಅನುಮಾನ ಬಂತು. ಆದರೆ ಕೊಯಮತ್ತೂರಿನಲ್ಲಿ ಅನ್ನ ತಿನ್ನುವವನು ಸಿರುವಾಣಿ ನೀರಿನ ಬಗ್ಗೆ ಅಂಥ ಮಾತನ್ನು ಬಾಯಿಬಿಟ್ಟು ಹೇಳಬಾರದು. ಇಲ್ಲಿಯವರು ತಮ್ಮ ಮಕ್ಕಳನ್ನು ಬೈದರೂ ಸಹಿಸಿಕೊಳ್ಳುತ್ತಾರೆ, ಆ ನೀರನ್ನು ಬೈದರೆ ಇಲ್ಲ.

ನಾನಿದ್ದದ್ದು ಒಂದು ನೇಕಾರರ ಮನೆಯ ಮಹಡಿಯ ಕೋಣೆಯಲ್ಲಿ. ಕೆಳಗೆ ರಂಗಸಾಮಿ ತಾತ ಮತ್ತು ಅವರ ಹೆಂಡತಿ. ಆಕೆಯನ್ನು ಬೀದಿಗೆ ಬೀದಿಯೇ ಅವ್ವ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದ ಕನ್ನಡದ ಮನೆ. ಬಾಗಿಲಾಚೆ ತಮಿಳು, ಬಾಗಿಲೊಳಗೆ ತಮಿಳಿನ ರಾಗದ ಕನ್ನಡ. ಕನ್ನಡ ಅಕ್ಷರ ಇಬ್ಬರಿಗೂ ಬಾರದು. ಹಜಾರದಲ್ಲಿ ಎರಡು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅಂಚಿನ ಮೇಲೆ ಕೂತು ಕೆಳಗಿನ ಹಲಗೆ ತುಳಿಯುತ್ತಾ ನೇಯುವುದು. ತಾತನ ಗುಂಡಿ ಬೇರೆ, ಅವ್ವನ ಗುಂಡಿ ಬೇರೆ. ಅಂಗಳದ ಸೂರಿನ ಕೆಳಗೆ ನನ್ನ ಗೇರಿನ ಸೈಕಲ್ ನಿಲ್ಲುತ್ತಿತ್ತು. ಅದರ ಸೀಟಿನ ಕೆಳಗೆ ಒಂದು ಪುಟ್ಟ ಹಿಡಿ. ಅದನ್ನು ಬಿಚ್ಚಿದರೆ ಸ್ಪ್ಯಾನರ್ ಇಲ್ಲದೆಯೇ ಸೀಟು ಏರುತ್ತದೆ, ಇಳಿಯುತ್ತದೆ.

ಒಂದು ಬೆಳಗ್ಗೆ ನಾನು ಹೊರಟಾಗ ಅವ್ವ ರಂಗೋಲಿ ಬಟ್ಟಲು ಹಿಡಿದುಕೊಂಡೇ ಕೇಳಿದ್ದರು: "ಏನ್ ಕಣ್ಣು, ಸೈಕಲ್ ಮ್ಯಾಲೆ ಹೋಗುವಾಗ ಇಡುಪು ಯಾಕೆ ಅಂಗೆ ಆಡಿಸ್ತೀಯ? ಹಿಂದ್ಲಿಂದ ನೋಡಿದ್ರೆ ವಾತು ನಡೆದಂಗೆ ಐತೆ." ಇಡುಪು ಎಂದರೆ ಸೊಂಟ, ವಾತು ಎಂದರೆ ಬಾತುಕೋಳಿ, ಕಣ್ಣು ಎಂದರೆ ಮುದ್ದಿನ ಕರೆ. ಕಾರ್ಖಾನೆಯಲ್ಲಿ ಎರಡು ವರ್ಷ ಕಳೆದವನಿಗೆ ಇಷ್ಟು ತಮಿಳು ಗೊತ್ತಿತ್ತು. ನಾನು ನಕ್ಕು, ಸೀಟಿನ ಎತ್ತರವನ್ನು ಒಂದು ಇಂಗ್ಲಿಷ್ ಪತ್ರಿಕೆಯ ಲೆಕ್ಕದ ಪ್ರಕಾರ ಇಟ್ಟಿದ್ದೇನೆ, ಪಂದ್ಯದವರೆಲ್ಲ ಹೀಗೇ ಕೂರುತ್ತಾರೆ ಎಂದು ವಿವರಿಸಿದೆ. "ಸೀಟು ತಗ್ಗಿಸು ಕಣ್ಣು" ಎಂದರು. ಜೀವಮಾನದಲ್ಲಿ ಸೈಕಲ್ ಹತ್ತದ ಹೆಂಗಸು. ನಾನು ಗಂಟೆ ಬಾರಿಸಿ ಹೊರಟುಹೋದೆ.

ಜನವರಿ ಹನ್ನೊಂದು, ಭಾನುವಾರ. ಸೈಕಲ್ ಒರೆಸುವಾಗ ಟೇಪು ಹಿಡಿದರೆ ಸೀಟು ಎಂಟು ಮಿಲಿಮೀಟರ್ ಕೆಳಗಿತ್ತು. ನೋವಿಗೆ ಕಾರಣ ಸಿಕ್ಕಿತು! ಯಾರೋ ನನಗೆ ತಿಳಿಯದಂತೆ ಸೈಕಲ್ ತುಳಿಯುತ್ತಿದ್ದಾರೆ. ಸೀಟು ಇಳಿಸಿಕೊಂಡಿದ್ದಾರೆಂದರೆ ಅವರು ನನಗಿಂತ ಕುಳ್ಳು. ನನ್ನ ಪಕ್ಕದ ಕೋಣೆಯ ರೋಶನ್ ನನಗಿಂತ ನಾಲ್ಕು ಇಂಚು ಕುಳ್ಳು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯ ಆಫೀಸಿನಲ್ಲಿದ್ದ ಮಂಗಳೂರಿನ ಹುಡುಗ, ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ. ಬಸ್ ಸ್ಟ್ಯಾಂಡಿಗೆ ಹೋಗಲು ಸೈಕಲ್ ಬೇಕಾಗಿರಬಹುದು. ಎಲ್ಲ ಸರಿಯಾಗಿ ಕೂಡಿ ಬಂತು. ಸೋಮವಾರ ಸಂಜೆ ಅವನನ್ನು ಮೆಟ್ಟಿಲಲ್ಲೇ ತಡೆದೆ.

"ರೋಶನ್, ನಿನ್ನ ಕಾಲಿನ ಒಳಗಿನ ಉದ್ದ ಎಷ್ಟು?"

"ಎಂತ ಮಾರಾಯ? ಪ್ಯಾಂಟ್ ಹೊಲಿಸಿ ಕೊಡ್ತೀಯಾ?"

"ನನ್ನ ಸೈಕಲ್ ತಗೊಂಡು ಹೋಗ್ತಿದ್ದೀಯಾ ಇಲ್ಲವಾ, ಅಷ್ಟು ಹೇಳು."

ಅವನು ನನ್ನನ್ನು ನೋಡಿದ, ನನ್ನ ಕೈಯಲ್ಲಿದ್ದ ಟೇಪನ್ನು ನೋಡಿದ. "ನಂಗೆ ಬ್ಯಾಲೆನ್ಸೇ ಇಲ್ಲ. ಸೈಕಲ್ ಕಲೀಲಿಕ್ಕೆ ಹೋಗಿ ಎರಡು ಸಲ ಬಾವಿಕಟ್ಟೆಗೆ ಗುದ್ದಿ ಬಿಟ್ಟವ ನಾನು. ನಿಂಗೆ ನೋವು ಸೊಂಟದ್ದಾ, ತಲೇದ್ದಾ?" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ತಪ್ಪಿತಸ್ಥರೇ ಹೀಗೆ ಬಾಗಿಲು ಹಾಕಿಕೊಳ್ಳುವುದು ಎಂದು ದಿನಚರಿಯಲ್ಲಿ ಬರೆದೆ. ಮರುದಿನದಿಂದ ಅವನು ಪೊಂಗಲ್ ರಜೆಗೆ ಊರಿಗೆ ಹೋದ. ಹದಿನಾಲ್ಕು, ಹದಿನಾರು, ಎರಡೂ ಬೆಳಗ್ಗೆ ಸೀಟು ಮತ್ತೆ ಇಳಿದಿತ್ತು. ನ್ಯಾಯವಾಗಿ ಅವನನ್ನು ಬಿಡುಗಡೆ ಮಾಡಬೇಕಿತ್ತು. ಬದಲಿಗೆ, ಹೋಗುವ ಮೊದಲು ಈ ಕೆಲಸವನ್ನು ಬೇರೆ ಯಾರಿಗೋ ವಹಿಸಿದ್ದಾನೆ ಎಂದು ತೀರ್ಮಾನಿಸಿದೆ.

ಸೀಟು ಇಳಿದದ್ದು ಕಂಡ ದಿನದಿಂದಲೇ ನನ್ನ ತನಿಖೆಗೆ ಒಂದು ಕ್ರಮವಿತ್ತು. ಪ್ರತಿ ಬೆಳಗ್ಗೆ ಹೊರಡುವ ಮುಂಚೆ ಸೀಟು ಅಳೆಯುವುದು. ಇಳಿದಿದ್ದರೆ ಮುಟ್ಟಬಾರದು, ಸಾಕ್ಷ್ಯ ಕೆಡುತ್ತದೆ. ಇದ್ದ ಹಾಗೇ ತುಳಿದು, ಸಂಜೆ ಇನ್ನೊಮ್ಮೆ ಅಳೆದು ಬರೆದುಕೊಂಡು, ಆಮೇಲೆ ಏರಿಸುವುದು. ಈಗ ಇನ್ನೊಂದು ಸೇರಿತು: ಏರಿಸಿದ ಮೇಲೆ ಸೀಟಿನ ಹಿಡಿಗೂ ಕೊಳವೆಗೂ ಸೇರಿಸಿ ಒಂದು ಎಳೆ ಕೆಂಪು ನೂಲು ಸುತ್ತಿ ಕಟ್ಟುವುದು. ಮಗ್ಗದ ಮನೆಯಲ್ಲಿ ನೂಲಿಗೇನು ಬರ? ಹಿಡಿ ಬಿಚ್ಚಿದರೆ ನೂಲು ಹರಿಯಲೇಬೇಕು. ಮೊದಲ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಬೆಳಗ್ಗೆ ಬಂದು ನೋಡಿದರೆ ನೂಲು ಬಿಗಿಯಾಗಿ, ಕಟ್ಟಿದ ಹಾಗೇ ಇದೆ. ಸೀಟು ಎಂಟು ಮಿಲಿಮೀಟರ್ ಕೆಳಗಿದೆ.

ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ನಾನು ಸೈಕಲ್ಲಿಗೇ ಬೆನ್ನು ತಿರುಗಿಸಲು ಹಿಂಜರಿದೆ. ಕೊನೆಗೆ ಇಪ್ಪತ್ತನಾಲ್ಕನೇ ತಾರೀಖು, ಶನಿವಾರ, ಕಾರ್ಖಾನೆಯ ಲೆನ್ಸು ತಂದು ನೂಲನ್ನು ಇಂಚಿಂಚಾಗಿ ನೋಡಿದೆ. ನಡುವೆ ನಾನು ಹಾಕದ ಒಂದು ಗಂಟು. ಸಾಸಿವೆಯ ಕಾಲು ಭಾಗದಷ್ಟು. ಬೆರಳಿಗೆ ಸಿಗದು, ಕಣ್ಣಿಗೆ ಕಾಣದು. ಅಂದರೆ ನೂಲು ಹರಿದಿತ್ತು. ಹರಿದದ್ದನ್ನು ಯಾರೋ ಕೂಡಿಸಿದ್ದರು. ಕಾಲಿನ ಬೂಟಿಗೆ ಲೇಸು ಕಟ್ಟಲಾರದೆ ಚಪ್ಪಲಿಯಲ್ಲೇ ಆಫೀಸಿಗೆ ಹೋಗುವ ರೋಶನ್‌ಗೆ ಏಳು ಜನ್ಮಕ್ಕೂ ಸಾಧ್ಯವಾಗದ ಕೆಲಸ ಅದು.

ನೂಲನ್ನು ಬಿಡಿಸಿ ಕಾಗದದ ಮೇಲಿಟ್ಟುಕೊಂಡು ತಾತನ ಮಗ್ಗದ ಹತ್ತಿರ ಹೋದೆ. ಸೈಕಲ್ಲಿಗೆ ಕಟ್ಟಿದ್ದ ನೂಲು ಎಂದಷ್ಟೇ ಹೇಳಿ, "ತಾತಾ, ಈ ಗಂಟು ಯಾರು ಹಾಕಿರಬಹುದು?" ಎಂದೆ. ಅವರು ಲೆನ್ಸು ಬೇಡವೆಂದು ಕೈಯಾಡಿಸಿದರು. ನೂಲನ್ನು ಎರಡು ಬೆರಳ ನಡುವೆ ಎಳೆದು ನೋಡಿ, ಒಂದು ಕ್ಷಣವೂ ತಡೆಯದೆ ಒಳಗೆ ಕೂಗಿದರು: "ಏಯ್, ಈ ತಂಬಿ ಸೈಕಲ್ ತಕ್ಕೆ ನಿನಗೇನ್ ವೇಲೆ, ಏನ್ ಕೆಲಸ?" ನನ್ನ ಕಡೆ ತಿರುಗಿ, "ನಿಮ್ಮವ್ವಂದೇ. ತುದಿ ಹಲ್ಲಲ್ಲಿ ಕಚ್ಚವಳೆ, ಕತ್ರಿ ಎಲ್ಲಿ ಬಿಟ್ಟವಳೋ. ಅರವತ್ತು ವರ್ಷದಿಂದ ಹೇಳ್ತಾ ಇವ್ನಿ" ಎಂದರು.

ಅವ್ವ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದರು. ಅವರ ಮುಖದಲ್ಲಿ ತಪ್ಪಿನ ಲವಲೇಶವೂ ಇರಲಿಲ್ಲ.

"ಅವ್ವಾ, ಸೀಟು ಇಳಿಸ್ತಾ ಇದ್ದದ್ದು ನೀವಾ?"

"ನಾನೇ ಕಣ್ಣು. ಬೆಳಗ್ಗೆ ವಾಸಲು, ಅಂಗಳ ಗುಡಿಸುವಾಗ ನೆನಪಾದ ದಿನ ಅರ್ಧ ಬೆರಳಗಲ ತಗ್ಗಿಸ್ತೀನಿ. ಸಾಯಂಕಾಲ ನೀ ಏರಿಸ್ತೀಯ. ಸಲ್ಪ ನಾಳು, ನಾಕು ದಿನ, ನೋಡೋಣ, ಯಾರು ಗೆಲ್ತಾರೆ ಅಂತ ಇದ್ದೆ."

"ನನಗೆ ಹೇಳಬೇಕಾಗಿತ್ತಲ್ಲವಾ?"

"ಹೇಳ್ಲಿಲ್ವಾ? ಗಂಟೆ ಬಾರಿಸ್ಕೊಂಡು ಹೋದೆ."

"ಸರಿ, ನೂಲು ಹರಿದಿತ್ತಲ್ಲ, ಅದನ್ನ ಯಾಕೆ ಕಟ್ಟಿದಿರಿ? ನನಗೆ ಗೊತ್ತಾಗಬಾರದು ಅಂತಾನಾ?"

ಈ ಪ್ರಶ್ನೆಗೆ ಮಾತ್ರ ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. "ಅರುಂದ ನೂಲ್ನ ಯಾರಾದ್ರೂ ಹಂಗೇ ಬಿಟ್ಟು ಹೋಗ್ತಾರಾ?" ಎಂದರು. ತಾತನೂ ಮಗ್ಗ ನಿಲ್ಲಿಸಿ, ಇವನು ಎಂಥ ಮನೆಯಲ್ಲಿ ಬೆಳೆದವನೋ ಎಂಬಂತೆ ನನ್ನನ್ನು ನೋಡಿದರು. ಆಮೇಲೆ ಅವ್ವ ತಮ್ಮ ಗುಂಡಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟು ತೋರಿಸಿದರು. "ಮದುವೆ ಆಗಿ ಬಂದಾಗ ನಮ್ಮತ್ತೆ ಗುಂಡೀಲಿ ಕೂರಿಸಿದ್ರು. ಅವರದು ಉದ್ದನೆ ಒಟ್ಟಗಚ್ಚಿ ಕಾಲು, ನಂದು ಕುಳ್ಳಿ ಕಾಲು. ಹಲಗೆ ಎಟುಕ್ಸೋಕೆ ಒಂದು ಸಲ ಈ ಕಡೆ ಜಾರಬೇಕು, ಒಂದು ಸಲ ಆ ಕಡೆ. ಮೂರು ತಿಂಗಳಲ್ಲಿ ಇಡುಪು ಹೋಯ್ತು. ನಮ್ಮಪ್ಪ ಬಂದು ನೋಡಿ, ನನ್ನ ಕಾಲಿಗೆ ಬೇರೆ ಗುಂಡಿ ತೋಡಿ ಕೊಟ್ಟು ಹೋದ್ರು. ನೀನೂ ಯಾರ ಕಾಲಿಗೋ ತೋಡಿದ ಗುಂಡೀಲಿ ಕೂತಿದ್ದೀಯ ಕಣ್ಣು."

ಕೇಳಲು ಚೆನ್ನಾಗಿತ್ತು. ಆದರೆ ತಪಾಸಣೆ ವಿಭಾಗದವನು ಕಥೆಗೆ ಸಹಿ ಹಾಕುವುದಿಲ್ಲ. ಆಕೆಯ ಪರೋಪಕಾರದಿಂದಲೇ ನನ್ನ ಸೊಂಟ ಹಾಳಾಯಿತೆಂದು ಅಂಕಿಗಳಿಂದ ತೋರಿಸಿಕೊಡುತ್ತೇನೆಂದು ಮಹಡಿ ಹತ್ತಿದೆ. ನೋವಿನ ಅಂಕ ದಿನಚರಿಯಲ್ಲಿತ್ತು. ಸೀಟಿನ ಅಳತೆಗಳು ತನಿಖೆಗೆಂದೇ ಹೊಲಿದ ಬೇರೊಂದು ಪುಸ್ತಕದಲ್ಲಿದ್ದವು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದು ಅದೇ ಮೊದಲು. ಹದಿನಾಲ್ಕು, ಸೀಟು ಇಳಿದಿದೆ: ನೋವು ಮೂರು. ಹದಿನೈದು, ಸೀಟು ನಾನಿಟ್ಟ ಹಾಗೇ: ಆರು. ಹದಿನಾರು, ಇಳಿದಿದೆ: ಎರಡೂವರೆ. ಅಪರಾಧ ನಡೆದ ಆರು ದಿನಗಳಲ್ಲಿ ಒಂದು ದಿನವೂ ನೋವು ಮೂರನ್ನು ದಾಟಿರಲಿಲ್ಲ. ಕಾನೂನು ಪಾಲನೆಯಾದ ದಿನ ಒಂದೂ ಐದಕ್ಕಿಂತ ಕೆಳಗಿರಲಿಲ್ಲ. ಎರಡು ವಾರದಿಂದ ನಾನು ಬೆಳಗ್ಗೆ ಗುಣವಾಗುತ್ತಿದ್ದೆ, ಸಂಜೆ ಟೇಪು ಹಿಡಿದು ಶ್ರದ್ಧೆಯಿಂದ ನೋವನ್ನು ವಾಪಸು ಏರಿಸಿಡುತ್ತಿದ್ದೆ. ಪುಸ್ತಕ ಮುಚ್ಚಿದೆ. ಪಕ್ಕದ ಕೋಣೆಗೆ ಹೋಗಿ ರೋಶನ್‌ನ ಕ್ಷಮೆ ಕೇಳಿದೆ. ಅವನು, "ಬರವಣಿಗೆಯಲ್ಲಿ ಕೊಡು" ಎಂದ. ಕೊಟ್ಟೆ.

ಸೀಟನ್ನು ಅವ್ವನಿಗೆ ಬಿಟ್ಟುಕೊಟ್ಟೆ. ಫೆಬ್ರವರಿ ಐದರಂದು ಡಾಕ್ಟರ ಮುಂದೆ ಬಗ್ಗಿ ಕಾಲಿನ ಬೆರಳು ಮುಟ್ಟಿದೆ. ಮೂರು ದಿನದ ನಂತರ ನಲವತ್ತೂ ತಿರುವು ಹತ್ತಿ ವಾಲ್ಪಾರೈಯಲ್ಲಿ ಚಹಾ ಕುಡಿದೆ. ಆದರೆ ಆ ಐದನೇ ತಾರೀಖಿನ ಒಂದು ವಿಷಯ ಹೇಳಿಕೊಳ್ಳಬೇಕು. ಡಾಕ್ಟರು ಕುತೂಹಲದಿಂದ, "ವ್ಯಾಯಾಮದಿಂದ ಇಷ್ಟು ಬೇಗ ಆಗಲ್ಲವಲ್ಲ, ಬೇರೆ ಏನು ಮಾಡಿದಿರಿ?" ಎಂದು ಕೇಳಿದರು. ಅವ್ವ ಎನ್ನಲು ಬಾಯಿ ತೆರೆದೆ. ಹೊರಬಂದದ್ದು, "ಎರಡು ವಾರ ದಿನಾ ಅಳತೆ ತೆಗೆದು ಸೀಟಿನ ಎತ್ತರವನ್ನು ಕಂಡುಹಿಡಿದೆ" ಎಂಬ ವಾಕ್ಯ. ಅದರಲ್ಲಿ ಒಂದು ಶಬ್ದವೂ ಸುಳ್ಳಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಡಾಕ್ಟರು ಮೆಚ್ಚಿದರು. ಮೆಚ್ಚಿ ಸುಮ್ಮನಿರಲಿಲ್ಲ. ವಾಲ್ಪಾರೈಯಿಂದ ಬಂದ ಮರುವಾರದ ಭಾನುವಾರ ಬೆಳಗ್ಗೆ ಸೊಂಟನೋವಿನ ಒಬ್ಬ ಬ್ಯಾಂಕ್ ಅಧಿಕಾರಿ ಅವರ ಚೀಟಿ ಹಿಡಿದು, ಸೈಕಲ್ ತಳ್ಳಿಕೊಂಡು, ನನ್ನನ್ನು ಹುಡುಕಿಕೊಂಡು ಬಂದರು.

ನಾನು ಟೇಪು ಹಿಡಿದು ಅವರ ಕಾಲು ಅಳೆದೆ, ಸೀಟು ಅಳೆದೆ, ಪುಸ್ತಕದಲ್ಲಿ ಬರೆದೆ. ಏನೂ ಹೊಳೆಯಲಿಲ್ಲ. ಬೀದಿಯಲ್ಲಿ ಒಂದು ಸುತ್ತು ತುಳಿಯಲು ಹೇಳಿದೆ. ಅವ್ವ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಾ, ಅವರು ಹೋಗುವುದನ್ನು ಹಿಂದಿನಿಂದ ಒಮ್ಮೆ ನೋಡಿದರು. ಅಧಿಕಾರಿ ಹಿಂತಿರುಗಿ ಬಂದಾಗ, ತಲೆಯೆತ್ತದೆ, ಆ ಮನುಷ್ಯನಿಗೆ ತಿಳಿಯದಿರಲೆಂದು ಮನೆಯ ಕನ್ನಡದಲ್ಲೇ, "ಒಂದೂವರೆ ಬೆರಳು ತಗ್ಗಿಸು ಕಣ್ಣು" ಎಂದರು. ನಾನು ಗಂಭೀರವಾಗಿ ಹಿಡಿ ಬಿಚ್ಚಿದೆ.

"ಪಾಟಿಯಮ್ಮ ಏನು ಹೇಳ್ತಾರೆ?" ಎಂದು ಅಧಿಕಾರಿ ತಮಿಳಿನಲ್ಲಿ ಕೇಳಿದರು.

"ನಿಮಗೆ ಕಾಫಿ ಬೇಕಾ ಅಂತ ಕೇಳ್ತಿದ್ದಾರೆ" ಎಂದೆ, ನಾನೂ ತಮಿಳಿನಲ್ಲಿ.

"ಓ, ಕೊಡಲಿ, ಕೊಡಲಿ" ಎಂದು ಅವರು ಜಗಲಿಗೆ ಬಂದು ಕೂತರು.

ಹುಟ್ಟಿದಾಗಿನಿಂದ ತಮಿಳಿನಲ್ಲೇ ಸಂತೆ ಮಾಡಿದ ಹೆಂಗಸಿನ ಎದುರು ನಾನು ಏನು ಹೇಳಿದೆನೆಂಬುದು ನನಗೆ ಆಮೇಲೆ ಹೊಳೆಯಿತು. ಅವ್ವ ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಎದ್ದರು. ಬಾಗಿಲಲ್ಲಿ ತಿರುಗಿ, "ಸಕ್ಕರೆ ಎಷ್ಟು ಬೇಕು ಕೇಳುಂಗ, ಡಾಕ್ಟ್ರೇ" ಎಂದು ನನಗೆ ಹೇಳಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ತಟ್ಟೆ ಬಂತು. ಅಭ್ಯಾಸಬಲದಿಂದ ಲೋಟಗಳನ್ನು ಎಣಿಸಿದೆ. ಎರಡು. ಒಂದನ್ನು ಅಧಿಕಾರಿಯ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದುಕೊಂಡು ಅವ್ವ ಜಗಲಿಯ ಮೇಲೆ ಆರಾಮವಾಗಿ ಕೂತು ಆರಿಸಿಕೊಂಡು ಕುಡಿಯತೊಡಗಿದರು. ನಾನು ಸೀಟಿನ ಎತ್ತರವನ್ನು ಇನ್ನೊಮ್ಮೆ ಅಳೆದೆ.