ಭೂತ, ಭವಿಷ್ಯ ಮತ್ತು ಕಿಟಕಿಯ ಕೋಣೆ

ಎಲ್ಲಕ್ಕೂ ಮೂಲ ಒಂದು ಬುಟ್ಟಿ ಸೇಬು.

ಪತ್ರಿಕೆಯ ನಾಲ್ಕನೇ ಪುಟದಲ್ಲಿ ಎಡಗಡೆ ‘ಇತಿಹಾಸದಲ್ಲಿ ಈ ದಿನ’, ಬಲಗಡೆ ‘ನಿಮ್ಮ ರಾಶಿ ಈ ದಿನ’. ಎಡದ್ದನ್ನು ಬರೆಯುವವನನ್ನು ಕಚೇರಿಯಲ್ಲಿ ಎಲ್ಲರೂ ಭೂತ ಎಂದೂ ಬಲದ್ದನ್ನು ಬರೆಯುವವನನ್ನು ಭವಿಷ್ಯ ಎಂದೂ ಕರೆಯುತ್ತಿದ್ದರು. ಹೆಸರಿಟ್ಟವರು ಕಾಲವನ್ನಷ್ಟೇ ನೋಡಿ ಇಟ್ಟರೋ, ಭೂತನ ಮುಖವನ್ನೂ ನೋಡಿದ್ದರೋ, ಹೇಳುವುದು ಕಷ್ಟ.

ಭೂತ ಹನ್ನೆರಡು ವರ್ಷಗಳಿಂದ ದಪ್ಪ ದಪ್ಪ ಗ್ರಂಥಗಳನ್ನು ಮಗುಚಿ, ಯಾವ ಯುದ್ಧ ಯಾವತ್ತು ಮುಗಿಯಿತು, ಯಾವ ಕವಿ ಯಾವತ್ತು ಹುಟ್ಟಿದ ಎಂದು ಹೆಕ್ಕಿ ದಿನಕ್ಕೆ ಹನ್ನೆರಡು ಸಾಲು ಬರೆಯುತ್ತಿದ್ದ. ವಾರದ್ದನ್ನು ಒಟ್ಟಿಗೆ ಬರೆದಿಟ್ಟು ಮರೆತುಬಿಡುತ್ತಿದ್ದ. ಯಾರೂ ಓದದ್ದನ್ನು ತಾನೇಕೆ ಇನ್ನೊಮ್ಮೆ ಓದಬೇಕು ಎಂಬ ಸಿಟ್ಟು. ಇಷ್ಟು ವರ್ಷಗಳಲ್ಲಿ ಅವನಿಗೆ ಬಂದದ್ದು ಒಂದೇ ಪತ್ರ. ಅದರಲ್ಲೂ ‘ದಯವಿಟ್ಟು ಇದನ್ನು ಭವಿಷ್ಯದವರಿಗೆ ತಲುಪಿಸಿ’ ಎಂದಿತ್ತು.

ಭವಿಷ್ಯನೋ, ಚಹಾ ಆರುವಷ್ಟರಲ್ಲಿ ಹನ್ನೆರಡು ರಾಶಿಗಳನ್ನೂ ಗೀಚಿ ಮುಗಿಸುತ್ತಿದ್ದ. ಅವನಿಗೆ ದಿನಕ್ಕೊಂದು ಕಂತೆ ಪತ್ರ. ಒಂದು ಸಂಜೆ ಯಾರೋ ಬುಟ್ಟಿ ತುಂಬ ಸೇಬು ಕಳಿಸಿದ್ದರು. ಅದೇ ಹೊತ್ತಿಗೆ ಸಂಪಾದಕರು ಬಂದು, “ಮೂಲೆಯಲ್ಲಿ ಕಿಟಕಿ ಇರೋ ಕೋಣೆ ಖಾಲಿಯಾಗಿದೆ. ನಾಲ್ಕನೇ ಪುಟದವರಲ್ಲಿ ಒಬ್ಬರಿಗೆ ಕೊಡ್ತೀನಿ. ನಾಳೆ ಪುಟ ನೋಡ್ಕೊಂಡು, ನಾಲ್ಕು ಗಂಟೆಗೆ ಹೇಳ್ತೀನಿ” ಎಂದರು. ಹೇಳುವಾಗ ಅವರ ಕೈ ಸೇಬಿನ ಬುಟ್ಟಿಯಲ್ಲಿತ್ತು.

ಭೂತನ ಹೊಟ್ಟೆಗೆ ಬೆಂಕಿ ಬಿತ್ತು. ಬಾಗಿಲಿರುವ ಕೋಣೆ! ಇಷ್ಟು ವರ್ಷ ಅವನು ಕೂತದ್ದು ಶೌಚಾಲಯದ ಪಕ್ಕದ ಮೇಜಿನಲ್ಲಿ. ಹೋಗುವವರೂ ಬರುವವರೂ ಅವನನ್ನೇ ‘ಒಳಗೆ ಯಾರಾದ್ರೂ ಇದಾರಾ?’ ಎಂದು ಕೇಳುತ್ತಿದ್ದರು. ಪುಟ ಕಟ್ಟುವಾಕೆ ಚಹಾಕ್ಕೆ ಎದ್ದುಹೋದಾಗ ಅವನು ಮೆಲ್ಲಗೆ ಅವಳ ಕಂಪ್ಯೂಟರಿನ ಮುಂದೆ ಕೂತು ಎರಡು ಅಂಕಣಗಳ ಕಡತಗಳಿಗೆ ಹೆಸರು ಅದಲುಬದಲು ಮಾಡಿದ. ತಲೆಬರಹ, ರಾಶಿಯ ಚಿತ್ರ ಎಲ್ಲ ಪುಟದಲ್ಲಿ ಮೊದಲೇ ಕೂತಿರುತ್ತಿದ್ದವು; ಸಾಲುಗಳಷ್ಟೇ ಬಂದು ತುಂಬಿಕೊಳ್ಳಬೇಕು. ನಾಳೆ ಭವಿಷ್ಯನ ಮಾನ ಮೂರು ಕಾಸಿಗೆ ಹರಾಜು!

ಬೆಳಿಗ್ಗೆ ಭೂತನ ಹೆಂಡತಿ ಎಂದಿನಂತೆ ಬಲಗಡೆಯ ಅಂಕಣವನ್ನೇ ಮೊದಲು ಓದಿದಳು. ಅವಳದು ಮೇಷ.

“ರೀ, ಕೇಳಿ. ‘ಶತ್ರುಸೈನ್ಯ ಹಿಂಬಾಗಿಲಿನಿಂದ ಕೋಟೆಯೊಳಕ್ಕೆ ನುಗ್ಗಿತು.’ ಇದೇನ್ರೀ?”

“ಅವನಿಗೆ ತಲೆ ಕೆಟ್ಟಿರಬೇಕು” ಎಂದು ಭೂತ ಒಳಗೊಳಗೇ ಹಿಗ್ಗಿದ.

ಆಗಲೇ ಅಡುಗೆಮನೆಯ ಹಿಂಬಾಗಿಲು ಧಡಾರೆಂದು ತೆರೆದುಕೊಂಡಿತು. ಭೂತನ ಅಕ್ಕ, ಅವಳ ಮೂರು ಮಕ್ಕಳು, ನಾಲ್ಕು ಚೀಲ. “ಮುಂದಿನ ಬಾಗಿಲು ಬಡಿದೂ ಬಡಿದೂ ಸಾಕಾಯ್ತು ಕಣೋ. ಹದಿನೈದು ದಿನ ಇರ್ತೀವಿ!”

ಹೆಂಡತಿ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು, “ಎಂಥ ಮಹಾನುಭಾವರು ರೀ ಅವರು!” ಎಂದಳು.

ಭೂತ ತಿಂಡಿ ಬಿಟ್ಟು ಕಚೇರಿಗೆ ಓಡಿದ. ಫೋನ್ ಎತ್ತುವಾಕೆ ಎರಡೂ ಕಿವಿಗೆ ಒಂದೊಂದು ಫೋನ್ ಹಚ್ಚಿಕೊಂಡಿದ್ದಳು.

“ಭವಿಷ್ಯನಿಗೆ ಬೈತಿದಾರಾ?” ಭೂತ ಆಸೆಯಿಂದ ಕೇಳಿದ.

“ಬೈಯೋದಾ? ಹಾಡಿ ಹೊಗಳ್ತಿದಾರೆ! ವೃಷಭದಲ್ಲಿ ‘ಪ್ರಯೋಗಶಾಲೆಯಲ್ಲಿ ಸ್ಫೋಟ, ವಿಜ್ಞಾನಿ ಪಾರು’ ಅಂತಿತ್ತಂತೆ. ಒಬ್ಬರ ಮನೆ ಕುಕ್ಕರ್ ಸಿಡೀತಂತೆ, ಅವರಿಗೇನೂ ಆಗಿಲ್ಲ. ಸಿಂಹದಲ್ಲಿ ‘ನಾಲ್ಕು ವರ್ಷದ ಬಳಿಕ ಕಲಾವಿದ ಗೋಡೆಯ ಚಿತ್ರ ಮುಗಿಸಿದ’ ಅಂತೆ. ಇನ್ನೊಬ್ಬರ ಮನೆಗೆ ಬಣ್ಣ ಬಳಿಯೋನು ಇವತ್ತು ಕೊನೆಗೂ ಕೆಲಸ ಮುಗಿಸಿ ಹೋದನಂತೆ. ಆಯಮ್ಮ ಫೋನಲ್ಲೇ ಅತ್ತುಬಿಟ್ರು!”

“ಸಾಲಿನ ಮುಂದೆ ಇಸವಿ ಇತ್ತಲ್ಲ? ಅದು ಯಾಕೆ ಅಂತ ಯಾರೂ ಕೇಳಲಿಲ್ಲವಾ?”

“ಅದು ಅದೃಷ್ಟ ಸಂಖ್ಯೆ ತಾನೇ?”

ಭವಿಷ್ಯ ಸೇಬು ಕಡಿಯುತ್ತಾ ಕೂತಿದ್ದ. ತಾನು ಬರೆದದ್ದು ಇದಲ್ಲ ಎಂದು ಅವನಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ? ಆದರೆ ತಾನಾಗಿ ಬಂದ ಲಕ್ಷ್ಮಿಯನ್ನು ಯಾರು ಒದೆಯುತ್ತಾರೆ! “ಒಂದೊಂದು ದಿನ ಹಾಗೇ ನೋಡಿ, ಕೈ ತಾನಾಗೇ ಓಡುತ್ತೆ” ಎಂದು ವಿನಯದಿಂದ ನಕ್ಕ.

ಅತ್ತ ‘ಇತಿಹಾಸದಲ್ಲಿ ಈ ದಿನ’ದ ಕೆಳಗೆ ‘ಬಂಧುಗಳ ಆಗಮನ, ಮೊಣಕಾಲು ನೋವು’ ಎಂದೆಲ್ಲ ಅಚ್ಚಾಗಿತ್ತು. ಇಡೀ ಊರಿನಲ್ಲಿ ಒಬ್ಬನೇ ಒಬ್ಬನೂ ಇದೇನೆಂದು ಕೇಳಲಿಲ್ಲ. ಆ ಮೌನ ಭೂತನಿಗೆ ಹೊಗಳಿಕೆಗಿಂತ ಹೆಚ್ಚು ಚುಚ್ಚಿತು.

ನಾಲ್ಕು ಗಂಟೆಗೆ ಸಂಪಾದಕರು ಕೋಣೆಯ ಬೀಗದ ಕೈ ಹಿಡಿದು ಬಂದರು. ಕಣ್ಣು ಒದ್ದೆಯಾಗಿತ್ತು.

“ಇವತ್ತು ಏನು ದಿನ ಅಂತ ಯಾರಿಗಾದರೂ ನೆನಪಿದೆಯಾ? ನಮ್ಮ ಪತ್ರಿಕೆಗೆ ಐವತ್ತು ತುಂಬಿತು. ಯಾರು ನೆನಪಿಟ್ಟು ಬರೀತಾರೆ ನೋಡೋಣ ಅಂತಲೇ ಸುಮ್ಮನಿದ್ದೆ. ನಿಜ ಹೇಳ್ತೀನಿ, ಕೋಣೆ ಭೂತನಿಗೇ ಅಂದುಕೊಂಡಿದ್ದೆ. ದಿನ ನೆನಪಿಡೋದೇ ಅವರ ಕಸುಬಲ್ವಾ!”

ಭೂತನಿಗೆ ಆಗ ನೆನಪಾಯಿತು. ಕಳೆದ ವಾರ, ಹನ್ನೆರಡನೆಯ ಸಾಲು. ಹಳೆಯ ಪಟ್ಟಿಯಿಂದ ಎತ್ತಿ ತಾನೇ ಬರೆದಿದ್ದ!

ಸಂಪಾದಕರು ಪತ್ರಿಕೆ ಬಿಡಿಸಿದರು. “ಆದರೆ ಬರೆದೋರು ಯಾರು? ನನ್ನದು ಮೀನ ರಾಶಿ. ಕೊನೇ ಸಾಲು ಕೇಳಿ: ‘ಒಂದೇ ಕೋಣೆಯಲ್ಲಿ, ಒಂದು ಮುರುಕು ಯಂತ್ರದಿಂದ, ಈ ಪತ್ರಿಕೆಯ ಮೊದಲ ಸಂಚಿಕೆ ಹೊರಬಂದಿತು.’ ನಾಳೆಯದನ್ನು ನೋಡೋ ಮನುಷ್ಯನಿಗೆ ಇದು ನೆನಪಿದೆ. ನಿನ್ನೆಯದನ್ನು ನೋಡೋ ನಿಮಗೆ ನೆನಪಿಲ್ಲ. ನಾಚಿಕೆ ಆಗ್ಬೇಕು ರೀ!”

“ಸಾರ್, ಅದು... ಅದನ್ನ ಬರೆದದ್ದು...”

“ಹೇಳಿ, ಯಾರು?”

ಬರೆದದ್ದು ನಾನು ಎಂದರೆ ಬದಲಿಸಿದ್ದೂ ನಾನೇ ಎನ್ನಬೇಕು. ಬಾಯಿಯಲ್ಲಿ ಬಿಸಿ ತುಪ್ಪ. “ಭವಿಷ್ಯನೇ ಸಾರ್” ಎಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಭವಿಷ್ಯ ಬೀಗದ ಕೈ ತೆಗೆದುಕೊಂಡು, ಹೋಗುವಾಗ ಬುಟ್ಟಿಯಲ್ಲಿ ಉಳಿದಿದ್ದ ಒಂದೇ ಒಂದು ಸೇಬನ್ನು ಭೂತನ ಕೈಯಲ್ಲಿಟ್ಟ. “ಬೇಜಾರು ಮಾಡ್ಕೋಬೇಡಿ, ನಿಮಗೂ ಒಳ್ಳೇ ಕಾಲ ಬರುತ್ತೆ” ಎಂದ.

ಭೂತ ಶೌಚಾಲಯದ ಪಕ್ಕದ ಮೇಜಿಗೆ ಮರಳಿದ. ತನ್ನ ಅಂಕಣದ ಜಾಗದಲ್ಲಿ ಅಚ್ಚಾಗಿದ್ದ ರಾಶಿಫಲವನ್ನು ಮೊದಲ ಸಲ ಓದಿದ. ಅವನದು ಕನ್ಯಾ ರಾಶಿ, ಆರನೆಯದು. ಬೆರಳಿಟ್ಟು ಎಣಿಸಿದ.

‘ಪರರಿಗೆ ತೋಡಿದ ಹಳ್ಳಕ್ಕೆ ತಾನೇ ಬೀಳುವ ಯೋಗ. ಬಯಸಿದ ಸ್ಥಾನ ಕೈತಪ್ಪುವುದು. ಸಂಜೆ ಫಲಪ್ರಾಪ್ತಿ.’

ಕೈಯಲ್ಲಿ ಸೇಬಿತ್ತು. ಕಚ್ಚಿದ. ಯಾರೋ ಓಡಿ ಬಂದು ಕೇಳಿದರು: “ಒಳಗೆ ಯಾರಾದ್ರೂ ಇದಾರಾ?”