ಜೀವನ್ ಬಿಮಾ ನಗರದಿಂದ ಜೀವನ್ ಬಿಮಾ ನಗರಕ್ಕೆ

ನಮ್ಮ ಮಾವನಷ್ಟು ಪ್ರವಾಸ ಮಾಡಿದವರು ನಮ್ಮ ವಂಶದಲ್ಲಿ ಇನ್ನೊಬ್ಬರಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ, ಪ್ರತಿ ಡಿಸೆಂಬರಿನಲ್ಲಿ, ಸೂಟ್‌ಕೇಸು, ಮಫ್ಲರು, ಮಂಕಿ ಕ್ಯಾಪು ಸಮೇತ ಅತ್ತೆಯನ್ನು ಕರೆದುಕೊಂಡು ಎರಡು ದಿನದ ಟೂರು ಹೊರಟವರು ಅವರು. ಎಲ್ಲಿಗೆ ಅಂತೀರಾ? ಶಿವಾಜಿನಗರಕ್ಕೆ! ಮನೆ ಎಲ್ಲಿ ಅಂತೀರಾ? ಜೀವನ್ ಬಿಮಾ ನಗರದಲ್ಲಿ. ನಡುವೆ ಹಲಸೂರು ಕೆರೆ ಇಲ್ಲದಿದ್ದರೆ ಮಾಳಿಗೆ ಹತ್ತಿ ಕೂಗಿದರೆ ಕೇಳಿಸುವಷ್ಟು ದೂರ ಎಂದು ನಮ್ಮಮ್ಮ ಹೇಳುತ್ತಾಳೆ. ನಮ್ಮಮ್ಮ ಯಾವುದನ್ನೂ ಸ್ವಲ್ಪ ಉಬ್ಬಿಸಿಯೇ ಹೇಳುವವಳು. ಆದರೆ ಅವಳ ಈ ಅಣ್ಣನ ವಿಷಯದಲ್ಲಿ ಉಬ್ಬಿಸುವ ಅಗತ್ಯವೇ ಬಿದ್ದಿಲ್ಲ.

ಮಾವ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ಪರೀಕ್ಷೆ ಮಾಡದ ಒಂದು ನಟ್ಟೂ ಮೇಲಕ್ಕೆ ಹಾರಕೂಡದು ಎನ್ನುವುದು ಅವರ ವೃತ್ತಿಧರ್ಮ. ಅದನ್ನು ಅಲ್ಲಿಯೇ ಬಿಟ್ಟು ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ಟೂರಿಗೆ ಒಂದು ವಾರ ಮುಂಚೆ ಅವರೊಬ್ಬರೇ ಒಮ್ಮೆ ಪೂರ್ತಿ ಟೂರು ಮಾಡಿ ಬರುತ್ತಿದ್ದರು. ಅದಕ್ಕೆ ಟ್ರಯಲ್ ರನ್ ಎಂದು ಹೆಸರು. ಅದೇ ಸೂಟ್‌ಕೇಸಿಗೆ ಹಳೆಯ ಪೇಪರು ತುಂಬಿ, ಅದೇ ಬಸ್ಸು ಹತ್ತಿ, ಅದೇ ಹೋಟೆಲಿನಲ್ಲಿ ಊಟ ಮಾಡಿ, ಸಂಜೆ ಮನೆಗೆ ಬಂದು ಕ್ಯಾಲೆಂಡರಿನ ಹಿಂದಿನ ತಿಂಗಳ ಹಾಳೆಯ ಬೆನ್ನಿಗೆ ಏನೇನೋ ಬರೆದುಕೊಳ್ಳುತ್ತಿದ್ದರು. ಪೇಪರು ಯಾಕೆ ಮಾವ ಎಂದು ಕೇಳಿದರೆ, ತೂಕ ಸರಿ ಇರಬೇಕಲ್ಲ ಎನ್ನುತ್ತಿದ್ದರು. ಬಟ್ಟೆಯನ್ನೇ ತುಂಬಬಹುದಲ್ಲ ಎಂದು ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಶಿವಾಜಿನಗರವೇ ಯಾಕೆ? ಅದಕ್ಕೂ ಒಂದು ನಿಯಮವಿತ್ತು. ನೆಂಟರ ಮನೆ ಇರುವ ಊರಿಗೆ ಪ್ರವಾಸ ಹೋಗಕೂಡದು. ಮೈಸೂರಿನಲ್ಲಿ ಚಿಕ್ಕಪ್ಪನ ಮನೆ, ತುಮಕೂರಿನಲ್ಲಿ ಅತ್ತೆಯ ಅಕ್ಕ, ಕೋಲಾರದಲ್ಲಿ ಬೀಗರು, ಹೊಸೂರಿನಲ್ಲಿ ದಾಯಾದಿಗಳು. ಒಂದೊಂದಾಗಿ ಹೊಡೆದುಹಾಕುತ್ತಾ ಬಂದರೆ, ನಮ್ಮವರು ಯಾರೂ ಇಲ್ಲದ ಜಾಗ ಅಂತ ಉಳಿದದ್ದು ಶಿವಾಜಿನಗರ ಒಂದೇ. ಇವರಿಗೆ ನೆಂಟರೆಂದರೆ ಆಗುವುದಿಲ್ಲ, ಜಂಬದ ಮನುಷ್ಯ ಎಂದು ನಮ್ಮ ಬಳಗವೆಲ್ಲ ಆಡಿಕೊಳ್ಳುತ್ತಿತ್ತು. ಮಾವ ಅದನ್ನು ಕೇಳಿಸಿಕೊಂಡೂ ಸುಮ್ಮನಿರುತ್ತಿದ್ದರು.

ಎರಡನೆಯ ನಿಯಮ, ಬಸ್ಸಿನಲ್ಲೇ ಹೋಗಬೇಕು. ಬಾಡಿಗೆ ಕಾರಿನಲ್ಲಿ ಹೋದರೆ ಅದು ಮದುವೆಗೆ ಹೋದ ಹಾಗೆ, ಆಟೋದಲ್ಲಿ ಹೋದರೆ ಆಸ್ಪತ್ರೆಗೆ ಹೋದ ಹಾಗೆ ಎನ್ನುವುದು ಅವರ ವಾದ. ಇಂದಿರಾನಗರಕ್ಕೆ ಮೆಟ್ರೋ ಬಂದಾಗ ಮೂರು ದಿನ ಅದರಲ್ಲಿ ಆಚೀಚೆ ಓಡಾಡಿ ಕೊನೆಗೆ ತೀರ್ಪು ಕೊಟ್ಟರು: ಎಲ್ಲ ಚೆನ್ನಾಗಿದೆ, ಆದರೆ ಬೇಗ ತಲುಪಿಸಿಬಿಡುತ್ತೆ!

ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ಮನೆಯ ಮುಂಬಾಗಿಲಿಗೆ ಬೆರಳುದ್ದದ ಬೀಗ ಹಾಕುವ ಈ ಮನುಷ್ಯ, ಅಡುಗೆಮನೆಗೆ ಮುಷ್ಟಿ ಗಾತ್ರದ ಬೀಗ ಹಾಕಿ ಬೀಗದಕೈಯನ್ನು ಒಳಜೇಬಿಗೆ ಇಳಿಸಿಕೊಳ್ಳುತ್ತಿದ್ದರು. ಅದಕ್ಕೆಂದೇ ಅಡುಗೆಮನೆಯ ಬಾಗಿಲಿಗೆ ಹೊರಗಡೆಯಿಂದ ಚಿಲಕ ಹೊಡೆಸಿದ್ದರು. ಆ ಮನೆಯಲ್ಲಿ ಆಗ ಅಜ್ಜಿ, ಮಾವನ ಇಬ್ಬರು ತಮ್ಮಂದಿರು, ಅವರ ಸಂಸಾರ, ಎಲ್ಲರೂ ಇದ್ದರು. ತಮ್ಮಂದಿರೂ ಕಾರ್ಖಾನೆಯವರೇ. ಮೂರು ಪಾಳಿಗೆ ಮೂರು ಸಲ ಒಲೆ ಉರಿಯಬೇಕು. ಬೀಗ ಬಿದ್ದ ಎರಡು ದಿನ ಅಜ್ಜಿ ಲಿಂಗರಾಜಪುರದ ನಮ್ಮ ಮನೆಗೆ ಬರುತ್ತಿದ್ದಳು, ತಮ್ಮಂದಿರು ಮೆಸ್ಸಿಗೆ ಹೋಗುತ್ತಿದ್ದರು. ಉಪ್ಪಿನಕಾಯಿ ಜಾಡಿಗೆ ಕಾವಲು ಹಾಕಿ ಹೋಗಿದ್ದಾನೆ ನನ್ನ ಮಗ ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ನಾವೂ ಬಿದ್ದು ಬಿದ್ದು ನಗುತ್ತಿದ್ದೆವು.

ನನಗೆ ಹತ್ತು ವರ್ಷವಾಗಿದ್ದಾಗ ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಶಿವಾಜಿನಗರದ ಆ ಲಾಡ್ಜು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಳಿ ಟೋಪಿಯ ಮ್ಯಾನೇಜರು ದಪ್ಪ ಪುಸ್ತಕ ತೆರೆದು, ಎಲ್ಲಿಂದ ಬಂದಿರಿ ಎಂದು ಕೇಳಿದರು. ಜೀವನ್ ಬಿಮಾ ನಗರದಿಂದ ಎಂದರು ಮಾವ. ಮುಂದೆ ಎಲ್ಲಿಗೆ? ಜೀವನ್ ಬಿಮಾ ನಗರಕ್ಕೆ. ಮ್ಯಾನೇಜರು ಪೆನ್ನು ಕೆಳಗಿಟ್ಟು, ಅತ್ತೆಯನ್ನೂ ನನ್ನನ್ನೂ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಮನೇಲಿ ಏನಾದ್ರೂ ಜಗಳ ಆಗಿದ್ಯಾ ಸಾಬ್?"

"ಇಲ್ಲ. ಪ್ರವಾಸ ಅಂತ ಬರ್ಕೊಳ್ಳಿ" ಎಂದರು ಮಾವ.

ಆ ಎರಡು ದಿನದ ಸುಖವನ್ನು ಏನೆಂದು ಹೇಳಲಿ! ಚಳಿಯಲ್ಲಿ ಇಗರ್ಜಿಯ ಮುಂದೆ ತೂಗುಹಾಕಿದ ಕಾಗದದ ನಕ್ಷತ್ರಗಳು, ಬೇಕರಿಯಿಂದ ಬರುವ ಕೇಕಿನ ಘಮ, ರಸೆಲ್ ಮಾರುಕಟ್ಟೆಯ ಮುಂದೆ ಗುಡ್ಡೆ ಹಾಕಿದ ಅವರೆಕಾಯಿ, ತಮಿಳಿನಲ್ಲಿ ಕೂಗುವ ಹೂವಿನವಳಿಗೆ ಉರ್ದುವಿನಲ್ಲಿ ಉತ್ತರ ಕೊಡುವ ಹಣ್ಣಿನವನು. ನನ್ನ ಕೈ ಹಿಡಿದುಕೊಂಡು ಅತ್ತೆ ಹುಡುಗಿಯ ಹಾಗೆ ನಡೆಯುತ್ತಿದ್ದರು. ಮನೆಯಲ್ಲಿ ಅತ್ತೆ ಓಡುವುದನ್ನು ನೋಡಿದ್ದೆ, ನಿಲ್ಲುವುದನ್ನು ನೋಡಿದ್ದೆ. ಹಾಗೆ ಆರಾಮಾಗಿ ನಡೆಯುವುದನ್ನು ನೋಡಿರಲಿಲ್ಲ. ಆದರೆ ಹತ್ತು ವರ್ಷದವಳಿಗೆ ಅದೆಲ್ಲ ಎಲ್ಲಿ ಹೊಳೆಯಬೇಕು? ನನ್ನ ಗಮನವೆಲ್ಲ ಕೇಕಿನ ಮೇಲೆ.

ಎರಡನೆಯ ದಿನ ಬೆಳಗ್ಗೆ ಕೆ.ಆರ್. ಪುರದ ತೂಗುಸೇತುವೆ ನೋಡಲು ಹೊರಟೆವು. ಆ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ ಹೇಳಿ? ಮಾವನ ಮನೆಯ ಮುಂದೆಯೇ! ಕಿಟಕಿಯಾಚೆ ನೋಡಿದರೆ, ಮರೆತು ಬಂದಿದ್ದ ನನ್ನ ಕೆಂಪು ಸ್ವೆಟರು ಅಂಗಳದ ಹಗ್ಗದ ಮೇಲೆ ಆಡುತ್ತಿದೆ. ನಾನು ಹಿಂದಿನ ದಿನವೆಲ್ಲ ನಡುಗಿದ್ದೆ. ಇಳಿದು ತರೋಣ ಮಾವ ಎಂದು ಗೋಗರೆದೆ. ಅತ್ತೆಯೂ ಅರ್ಧ ಎದ್ದು ನಿಂತರು.

"ಕೂತ್ಕೋ. ನಾವೀಗ ಊರಲ್ಲಿಲ್ಲ" ಎಂದರು ಮಾವ. ತಮ್ಮ ಮಫ್ಲರು ತೆಗೆದು ನನಗೆ ಮೂರು ಸುತ್ತು ಸುತ್ತಿದರು. ತೂಗುಸೇತುವೆ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ಮಫ್ಲರು ಕಣ್ಣಿನವರೆಗೂ ಇತ್ತು.

ಈಗ ಅಜ್ಜಿ ಇಲ್ಲ. ತಮ್ಮಂದಿರು ಬೇರೆ ಮನೆ ಮಾಡಿ ಎಷ್ಟೋ ವರ್ಷವಾಯಿತು. ಆದರೂ ಅತ್ತೆಯ ಒಲೆಗೆ ಬಿಡುವಿಲ್ಲ. ಹಬ್ಬ ಬಂದರೆ ಎಲ್ಲರೂ ಅಲ್ಲಿಗೇ. ಯಾರಿಗೆ ಜ್ವರ ಬಂದರೂ ಸಾರು ಅಲ್ಲಿಂದಲೇ. ಅತ್ತೆಗೆ ಮಂಡಿನೋವು ಬಂದಿದೆ, ಮಾವನಿಗೆ ಎಪ್ಪತ್ತು ದಾಟಿದೆ. ಟೂರು ಮಾತ್ರ ತಪ್ಪಿರಲಿಲ್ಲ. ತಪ್ಪುವ ಹಾಗಾದದ್ದು ಈ ವರ್ಷ.

ಪ್ರವಾಸದಲ್ಲಿ ಬಿದ್ದು ಕಾಲು ಮುರಿದುಕೊಂಡವರನ್ನು ನೀವು ಕಂಡಿರಬಹುದು. ಟ್ರಯಲ್ ರನ್ನಿನಲ್ಲಿ ಮುರಿದುಕೊಂಡವರು ನಮ್ಮ ಮಾವ ಒಬ್ಬರೇ. ಅದೂ ಹೇಗೆ? ಶಿವಾಜಿನಗರ ಬಸ್‌ಸ್ಟ್ಯಾಂಡಿನಲ್ಲಿ, ನಿಂತ ಬಸ್ಸಿನ ಮೆಟ್ಟಿಲಿನ ಎತ್ತರವನ್ನು ಟೇಪು ಹಿಡಿದು ಅಳೆಯುತ್ತಾ, ಹಾಗೇ ಹಿಂದಕ್ಕೆ ಹೆಜ್ಜೆಯಿಟ್ಟು! ನಾನು ಓಡಿ ಹೋಗಿ ನೋಡಿದರೆ ಪಾದದಿಂದ ಮೊಣಕಾಲಿನವರೆಗೆ ಬ್ಯಾಂಡೇಜು ಹಾಕಿಸಿಕೊಂಡು ಮಲಗಿದ್ದಾರೆ. ಆರು ವಾರ ನೆಲಕ್ಕೆ ಕಾಲಿಡುವ ಹಾಗಿಲ್ಲ. ಈ ವರ್ಷ ಟೂರು ಬೇಡ ಬಿಡಿ ಎಂದು ಅತ್ತೆ ಹೇಳಿದ್ದಕ್ಕೆ ಬೆಳಗ್ಗಿನಿಂದ ಮಾತು ಬಿಟ್ಟಿದ್ದಾರೆ. ನನ್ನನ್ನು ಕಂಡ ಕೂಡಲೇ ಶುರು ಮಾಡಿದರು.

"ಪೆಟ್ಟಾಗಿರೋದು ನನ್ನ ಕಾಲಿಗೆ ಕಣೇ, ಟೂರಿಗಲ್ಲ. ನೀನು ಕರ್ಕೊಂಡು ಹೋಗು ಇವಳನ್ನ."

ಅವರನ್ನು ಬಿಟ್ಟು ನಾನು ಹೋಗುವುದೇ ಇಲ್ಲ ಎಂದು ಅತ್ತೆ ಹಟ ಹಿಡಿದರು. ಎರಡು ದಿನ ಅವರ ಊಟ ಉಪಚಾರ ಯಾರು ನೋಡುತ್ತಾರೆ? ನಿಮ್ಮಮ್ಮ ಬರಲಿ ಎಂದರು ಮಾವ. ಬೇಡ, ಕಾರಿನಲ್ಲಿ ಮೂವರೂ ಹೋಗಿಬರೋಣ ಎಂದು ನಾನು ಬಾಯಿ ಹಾಕಿ ಮದುವೆ, ಆಸ್ಪತ್ರೆಯ ಹಳೆಯ ಭಾಷಣವನ್ನು ಮತ್ತೆ ಕೇಳಬೇಕಾಯಿತು. ಮೂರು ದಿನ ಇದೇ ರಾಮಾಯಣ. ಕೊನೆಗೆ ಮಾವ ಊಟ ಬಿಡುತ್ತೇನೆ ಎಂದರು. ಅತ್ತೆ ಸೋತರು. ಕ್ಯಾಲೆಂಡರಿನ ಹಾಳೆ ನನ್ನ ಕೈಗೆ ಬಂತು.

ಬಸ್ಸು ಹತ್ತಿ ಕೂತು ಹಾಳೆ ಬಿಡಿಸಿದೆ. ನೋಡುವ ಸ್ಥಳಗಳ ಪಟ್ಟಿ ಇರುತ್ತದೆ ಅಂದುಕೊಂಡಿದ್ದೆ. ಒಂದೂ ಇರಲಿಲ್ಲ.

'ಬೆಳಗ್ಗೆ ಬಲಗಡೆ ಸೀಟು, ಬಿಸಿಲು ಬೀಳುತ್ತೆ, ಅವಳ ಮಂಡಿಗೆ ಒಳ್ಳೇದು. ಹಳೇ ಬಸ್ಸಿನ ಮೆಟ್ಟಿಲು ಎತ್ತರ, ಅದನ್ನು ಬಿಟ್ಟು ಮುಂದಿನದಕ್ಕೆ ಕಾಯುವುದು. ಮೂಲೆ ಹೋಟೆಲಿನ ಕಾಫಿ ಅವಳಿಗೆ ಸ್ಟ್ರಾಂಗು, ಪಕ್ಕದ್ದು ಸರಿ. ಮಾರ್ಕೆಟಿನ ಹತ್ತಿರ ಟಾಯ್ಲೆಟ್ ಕ್ಲೀನಿಲ್ಲ, ಲಾಡ್ಜಿನಲ್ಲೇ ಮುಗಿಸಿಕೊಂಡು ಹೊರಡುವುದು. ಅವರೆಕಾಯಿ ಕೊಳ್ಳಲು ಬಿಡಕೂಡದು.'

ಓದಿ ನಗಲು ಹೋದೆ, ಆಗಲಿಲ್ಲ. ಅಳೆದದ್ದು ಬಸ್ಸಿನ ಮೆಟ್ಟಿಲನ್ನೇ ಆದರೂ ಅಳತೆ ಅತ್ತೆಯ ಮಂಡಿಯದು!

ಲಾಡ್ಜಿನಲ್ಲಿ ಅದೇ ಮ್ಯಾನೇಜರು, ಗಡ್ಡ ಪೂರ್ತಿ ಬೆಳ್ಳಗಾಗಿದೆ. ಸಾಬ್ ಎಲ್ಲಿ ಎಂದು ವಿಚಾರಿಸಿದರು. ಹೇಳಿದ್ದಕ್ಕೆ ಬಹಳ ಪೇಚಾಡಿಕೊಂಡರು. ಹೋದ ವಾರ ಬಂದು ಹಾಸಿಗೆಯ ಮೇಲೆ ಹತ್ತು ನಿಮಿಷ ಮಲಗಿ ನೋಡಿ, ಮೇಡಂಗೆ ಬೆನ್ನು ನೋಯುತ್ತೆ, ಇದು ಬದಲಾಯಿಸಿ ಎಂದು ಹೇಳಿ ಹೋಗಿದ್ದರಂತೆ. ಹೊಸ ಹಾಸಿಗೆ ಬಂದಿತ್ತು. ಕೇಳದೆಯೇ ಪುಸ್ತಕದಲ್ಲಿ ತುಂಬಿಕೊಂಡರು: ಜೀವನ್ ಬಿಮಾ ನಗರದಿಂದ ಜೀವನ್ ಬಿಮಾ ನಗರಕ್ಕೆ, ಪ್ರವಾಸ.

ಸಂಜೆ ಮಾರುಕಟ್ಟೆಯಲ್ಲಿ ಅವರೆಕಾಯಿಯ ರಾಶಿಯ ಮುಂದೆ ಅತ್ತೆಯ ಕೈ ತಾನಾಗಿ ಚೀಲಕ್ಕೆ ಹೋಯಿತು. ಒಂದು ಕಾಯಿ ಎತ್ತಿ ಮೂಸಿ ನೋಡಿ, ಹಾಗೇ ವಾಪಸ್ಸು ಇಟ್ಟರು. ಮರುದಿನ ಬೆಳಗ್ಗೆ ಹಾಸಿಗೆಯ ಮೇಲೆ ಕಾಲು ಚಾಚಿ ಕೂತು, ರೂಮಿಗೆ ಬಂದ ಕಾಫಿ ಕುಡಿಯುತ್ತಾ ನಿಧಾನವಾಗಿ ಹೇಳಿದರು.

"ಮೊದಲನೇ ಸಲ ಬಂದಾಗ ಅಭ್ಯಾಸಬಲ, ಐದು ಗಂಟೆಗೇ ಎದ್ದು ಕೂತ್ಬಿಟ್ಟೆ. ಇಲ್ಲಿ ಒಲೆ ಇಲ್ಲ ಮಲಗು ಅಂದ್ರು ನಿಮ್ಮಾವ. ಎಂಟರವರೆಗೂ ನಿದ್ದೆ ಮಾಡಿದ್ದೆ ಕಣೇ. ನೆಂಟರ ಮನೆಗೆ ಹೋಗಿದ್ರೆ ಆಗ್ತಿತ್ತಾ? ಅಲ್ಲೂ ಚಪಾತಿ ಲಟ್ಟಿಸೋಕೆ ನಾನೇ."

ಇಷ್ಟು ವರ್ಷ ಆ ಬೀಗಕ್ಕೆ ನಕ್ಕವರಲ್ಲಿ ನಾನೂ ಒಬ್ಬಳು. ನನಗೆ ತುಂಬಾ ನಾಚಿಕೆಯಾಯಿತು.

ಎರಡನೆಯ ದಿನದ ಬಸ್ಸು ಎಂದಿನ ದಾರಿಯಲ್ಲೇ ಹೊರಟಿತು. ಹಲಸೂರು ಕೆರೆ ದಾಟಿ, ಇಂದಿರಾನಗರ ದಾಟಿ, ಮಾವನ ಮನೆಯ ರಸ್ತೆಗೆ ತಿರುಗಿತು. ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು, ಬ್ಯಾಂಡೇಜಿನ ಕಾಲನ್ನು ಸ್ಟೂಲಿನ ಮೇಲಿಟ್ಟು, ಮಂಕಿ ಕ್ಯಾಪು ಹಾಕಿಕೊಂಡು ಮಾವ ಕೂತಿದ್ದರು. ಬಸ್ಸು ಯಾವಾಗ ಬರುತ್ತದೆಂದು ಅವರಿಗೆ ಗೊತ್ತಲ್ಲ! ಗಡಿಯಾರ ನೋಡಿಕೊಂಡು, ನಮ್ಮ ಕಡೆಗೆ ಕೈಬೀಸಿದರು. ಅತ್ತೆ ಎದ್ದರು.

ಅತ್ತೆ, ನಾವೀಗ ಊರಲ್ಲಿಲ್ಲ ಎಂದು ನೆನಪಿಸಿದೆ. ಗೊತ್ತು ಎಂದರು. ಮುಂದಿನ ಸ್ಟಾಪಿನಲ್ಲಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರು. ಸೂಟ್‌ಕೇಸು ಹೊತ್ತು ನಾನು ಹಿಂದೆ ಓಡಿದೆ. ಗೇಟಿನ ಮುಂದೆ ನಿಂತು ಅತ್ತೆ ಕೇಳಿದರು.

"ರೂಮ್ ಖಾಲಿ ಇದ್ಯೇನ್ರೀ?"

ಮಾವ ಅವರನ್ನು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಅವರು ಮಂಕಿ ಕ್ಯಾಪು ಸರಿಮಾಡಿಕೊಂಡು ಕೇಳಿದರು.

"ಎಲ್ಲಿಂದ ಬಂದಿರಿ?"

"ಶಿವಾಜಿನಗರದಿಂದ."

"ರೂಮ್ ಇದೆ. ಆದ್ರೆ ಅಡುಗೆಮನೆಗೆ ಬೀಗ ಹಾಕಿದೆ. ನಾಳೆವರೆಗೂ ತೆಗೆಯಲ್ಲ."

ಒಳಗಿನಿಂದ ನಮ್ಮಮ್ಮ ಕ್ಯಾರಿಯರು ಹಿಡಿದು ಬಂದಳು. ನಿನ್ನೆಯಿಂದ ಅಣ್ಣ ಮನೆಯಲ್ಲೇ ಕೂತುಕೊಂಡೂ ಬೀಗ ತೆಗೆದಿಲ್ಲವಂತೆ, ಮೆಸ್ಸಿನ ಊಟವಂತೆ, ಒಂದು ಲೋಟ ಹಾಲು ಕಾಯಿಸಲೂ ಬಿಡಲಿಲ್ಲವಂತೆ. ಅವಳ ದೂರನ್ನು ಇಬ್ಬರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅತ್ತೆ ಮಾವನ ಒಳಜೇಬಿನ ಮೇಲೆ ಕೈಯಿಟ್ಟು, ಬೀಗದಕೈ ಅಲ್ಲೇ ಇದೆಯೇ ಎಂದು ನೋಡಿದರು. ಇತ್ತು. ತೆಗೆದುಕೊಳ್ಳಲಿಲ್ಲ. ಕುರ್ಚಿಯ ಪಕ್ಕದ ಮೆಟ್ಟಿಲ ಮೇಲೆ ಕೂತು, ನೋಯುವ ಕಾಲನ್ನು ಬಿಸಿಲಿಗೆ ಚಾಚಿದರು.

"ಹಾಗಿದ್ರೆ ನಾಳೆವರೆಗೂ ಇಲ್ಲೇ ಇರ್ತೀನಿ" ಎಂದರು.

ನಾನು ಫ್ಲಾಸ್ಕು ಹಿಡಿದುಕೊಂಡು ಬೀದಿ ಕೊನೆಯ ಹೋಟೆಲಿಗೆ ಕಾಫಿ ತರಲು ಹೊರಟೆ. ಅವಳಿಗೆ ಸ್ಟ್ರಾಂಗು ಬೇಡ ಎಂದು ಮಾವ ಹಿಂದಿನಿಂದ ಕೂಗಿ ಹೇಳಿದರು.